ಘ್ರಾಣಶಕ್ತಿ ಕುಂದಿದರೆ ನಿರ್ಲಕ್ಷಿಸಬೇಡಿ

ಮಾನ್ಯ ಸಂಪಾದಕರೇ,

ಕಾಫಿ ಗಿಡ ಹೂ ಬಿಡಲು ನೆರವಾಗುವ ಹೂಮಳೆ ಸುರಿದು ಹೂ ಅರಳಿದಾಗ ಕೊಡಗಿನ ತೋಟಗಳೆಲ್ಲ ಘಮಘಮಿಸುತ್ತವೆ. ಈ ಬಾರಿ ನನ್ನ ತಾಯಿಗೆ ಆ ಪರಿಮಳ ತಿಳಿಯಲೇ ಇಲ್ಲ. ವಯಸ್ಸಿನ ದೋಷವೆಂದು ನಾವು ಸುಮ್ಮನಿದ್ದೆವು; ವಿಟಮಿನ್ ಬಿ12 ತೀರಾ ಕಡಿಮೆಯಿರುವುದು ರಕ್ತಪರೀಕ್ಷೆಯಲ್ಲಿ ತಿಳಿದದ್ದು ಬಹಳ ತಡವಾಗಿ.

ಶೀತ, ಸೈನಸ್ ತೊಂದರೆ, ಕೋವಿಡ್, ಪಾರ್ಕಿನ್‌ಸನ್ ಕಾಯಿಲೆಯಂಥ ಕಾರಣಗಳ ಜೊತೆಗೆ ಬಿ12, ಸತು (ಝಿಂಕ್) ಮತ್ತು ವಿಟಮಿನ್ ಎ ಕೊರತೆಗೂ ಘ್ರಾಣಶಕ್ತಿಯ ಕುಂದುವಿಕೆಗೂ ಸಂಬಂಧವಿರಬಹುದು. ಹಂದಿಮಾಂಸ, ಮೊಟ್ಟೆ ಉಣ್ಣುವ ಮನೆಗಳಲ್ಲಿ ಬಿ12 ಕೊರತೆ ಬಾರದೆಂಬ ನಂಬಿಕೆ ನಮ್ಮಲ್ಲಿದೆ. ಅದು ತಪ್ಪು: ಇಳಿವಯಸ್ಸಿನಲ್ಲಿ ಜಠರದ ಆಮ್ಲ ಕಡಿಮೆಯಾದವರಿಗೂ, ಮಧುಮೇಹಕ್ಕೆ ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರಿಗೂ ಆಹಾರದಲ್ಲಿರುವ ಬಿ12 ಸರಿಯಾಗಿ ಮೈಗೆ ಹತ್ತದಿರಬಹುದು.

ಹಾಗೆಂದು ಅಂಗಡಿಯಿಂದ ಸತುವಿನ ಮಾತ್ರೆ ತಂದು ನುಂಗುವುದು ಪರಿಹಾರವಲ್ಲ. ಸತು ಮಿತಿಮೀರಿದರೆ ದೇಹದಲ್ಲಿ ತಾಮ್ರದ ಕೊರತೆಯಾಗುತ್ತದೆ. ಮೂಗಿಗೆ ಹಾಕುವ ಸತುವಿನ ಔಷಧಗಳಿಂದ ಘ್ರಾಣಶಕ್ತಿಯೇ ನಷ್ಟವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಎಚ್ಚರಿಸಿತ್ತು.

ಅಡುಗೆ ಅನಿಲ ಸೋರಿದರೂ ತಿಳಿಯದ ಹಿರಿಯರು ಒಂಟಿ ಮನೆಗಳಲ್ಲಿ ಇದ್ದಾರೆ. ಆದ್ದರಿಂದ ಜಿಲ್ಲೆಯ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆಯೊಂದಿಗೆ ವಾಸನೆಯ ಬಗ್ಗೆಯೂ ವಿಚಾರಿಸಿ, ಅಗತ್ಯವಿದ್ದವರಿಗೆ ಬಿ12 ಪರೀಕ್ಷೆ ಮಾಡಿಸಬೇಕೆಂದು ಆರೋಗ್ಯ ಇಲಾಖೆಯನ್ನು ವಿನಂತಿಸುತ್ತೇನೆ.

– ಕಾಫಿ ಬೆಳೆಗಾರ, ಸೋಮವಾರಪೇಟೆ