ಫಲಕ ಓದುವ ಮೊದಲು ಮೀಟರ್ ಓದು

ಮೈಸೂರು

ಚಿ. ಕು. ಸುಮನಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಮಳೆಯ ಜೊತೆಗೇ ಬಂದು ಕುಳಿತಿದೆ, ಮಳೆಯ ಜೊತೆಗೇ ಹೋಗುತ್ತದೆ. ವಿದ್ಯುತ್ತು, ನೀರು ಕಡಿಮೆ ಬಳಸುವ ಹಸಿರು ಕಟ್ಟಡಗಳಿಗೆ ಪ್ರಮಾಣಪತ್ರ ಕೊಡಿಸುವ ಸಲಹಾ ಸಂಸ್ಥೆಯಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. “ಕಟ್ಟಡಕ್ಕೂ ಈಗ ಮಾರ್ಕ್ಸ್ ಕಾರ್ಡ್ ಬಂದಿದೆಯಂತಲ್ಲ, ಅಣ್ಣ” ಎಂದು ನಕ್ಕಳು. ಅವಳು ತಮಾಷೆಗೆ ಹೇಳಿದ್ದಾದರೂ ಮಾತು ಸರಿಯಾಗಿಯೇ ಇದೆ. ಆ ಕಾರ್ಡು ಬರೆಯುವವರ ಸಾಲಿಗೆ ನೀನು ಸೇರಿರುವುದರಿಂದ ಈ ಪತ್ರ.

ನಿವೃತ್ತಿಗೆ ಮುಂಚಿನ ಹತ್ತು ವರ್ಷ ನಾನು ಕಟ್ಟಡಗಳ ವಿದ್ಯುತ್ ಬಳಕೆಯ ತಪಾಸಣೆ ಮಾಡುತ್ತಿದ್ದುದು ನಿನಗೆ ಗೊತ್ತು. ಒಮ್ಮೆ ಒಂದು ಕಚೇರಿ ಕಟ್ಟಡಕ್ಕೆ ಹೋಗಿದ್ದೆ. ಯಾವುದು, ಎಲ್ಲಿ ಎಂಬುದು ಬೇಡ. ಬಾಗಿಲು ದಾಟುತ್ತಲೇ ಕಪ್ಪು ಗ್ರಾನೈಟ್ ಗೋಡೆಯ ಮೇಲೆ ಹಸಿರು ಕಟ್ಟಡವೆಂದು ಸಾರುವ ಚಿನ್ನದ ದರ್ಜೆಯ ಫಲಕ, ಅದರ ಮೇಲೊಂದು ಪುಟ್ಟ ದೀಪ. ಮೂರನೇ ಮಹಡಿಗೆ ಹೋದೆ. ಬೆಳಗಿನ ಹನ್ನೊಂದು ಗಂಟೆ. ಪಶ್ಚಿಮಕ್ಕೆ ನೆಲದಿಂದ ಸೂರಿನವರೆಗೆ ಗಾಜು, ಗಾಜಿಗೆಲ್ಲ ಪರದೆ ಇಳಿಬಿಟ್ಟಿದ್ದಾರೆ, ಒಳಗೆ ಅಷ್ಟೂ ದೀಪ ಉರಿಯುತ್ತಿವೆ. ಕಿಟಕಿಯ ಬಳಿ ಸೂರಿನಲ್ಲಿ ಬೆಳಕು ಅಳೆಯುವ ಸೆನ್ಸರ್ ಇತ್ತು. ಹೊರಗಿನ ಬೆಳಕು ಸಾಕಷ್ಟಿದ್ದರೆ ದೀಪ ಆರಿಸಬೇಕಾದದ್ದು ಅದು. ಅದರ ಕಣ್ಣಿನ ಮೇಲೆ ಯಾರೋ ಕರಿಯ ಇನ್ಸುಲೇಷನ್ ಟೇಪು ಅಂಟಿಸಿದ್ದರು. “ದೀಪ ತಾನಾಗಿಯೇ ಆರುತ್ತಿತ್ತು ಸಾರ್, ಮೇಲಿನವರು ಬೈದರು” ಎಂದ ಎಲೆಕ್ಟ್ರಿಷಿಯನ್. ನೆಲಮಾಳಿಗೆಯಲ್ಲಿ ವಾಹನಗಳ ಹೊಗೆ ಹೆಚ್ಚಾದಾಗ ಮಾತ್ರ ತಿರುಗಬೇಕಾದ ಫ್ಯಾನುಗಳು ಹಗಲೂ ರಾತ್ರಿ ತಿರುಗುತ್ತಿದ್ದವು.

ಪ್ರಮಾಣಪತ್ರದ ಕಡತ ತೆಗೆಸಿ ನೋಡಿದರೆ ಸೆನ್ಸರಿಗೆ ಅಂಕ ಬಿದ್ದಿದೆ, ಫ್ಯಾನಿನ ನಿಯಂತ್ರಣಕ್ಕೂ ಅಂಕ ಬಿದ್ದಿದೆ. ಕಡತ ಸುಳ್ಳು ಹೇಳಿರಲಿಲ್ಲ. ಪರಿಶೀಲನೆಯ ದಿನ ಅವೆಲ್ಲ ನೆಟ್ಟಗೇ ಕೆಲಸ ಮಾಡಿದ್ದಿರಬೇಕು.

ನಮ್ಮ ದೇಶದಲ್ಲಿ ಈ ಪದ್ಧತಿಗಳು ಬಂದದ್ದು ಇತ್ತೀಚೆಗೆ. 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂತು. ಅದೇ ವರ್ಷ ಭಾರತೀಯ ಕೈಗಾರಿಕಾ ಒಕ್ಕೂಟ ಹಸಿರು ಕಟ್ಟಡ ಮಂಡಳಿಯನ್ನು ಹುಟ್ಟುಹಾಕಿತು. ಹೈದರಾಬಾದಿನಲ್ಲಿ ಒಕ್ಕೂಟವೇ ಕಟ್ಟಿದ ಕೇಂದ್ರಕ್ಕೆ 2003ರಲ್ಲಿ ಕಟ್ಟಡಗಳಿಗೆ ಅಂಕ ಕೊಡುವ ಅಮೆರಿಕದ ಲೀಡ್ ಪದ್ಧತಿಯ ಎಲ್ಲಕ್ಕಿಂತ ಮೇಲಿನ ಪ್ಲಾಟಿನಂ ದರ್ಜೆ ಸಿಕ್ಕಿತು. ಅಮೆರಿಕದ ಹೊರಗೆ ಅದೇ ಮೊದಲು. ಆಮೇಲೆ ನಮ್ಮದೇ ‘ಗೃಹ’ ಎಂಬ ಪದ್ಧತಿ ಬಂತು, ಇಂಧನ ಸಂಶೋಧನೆಯ ಟೆರಿ ಸಂಸ್ಥೆ ರೂಪಿಸಿದ್ದು. ಇವೆಲ್ಲ ಬಹುಮಟ್ಟಿಗೆ ಇಷ್ಟವಿದ್ದವರು ಬರೆಯುವ ಪರೀಕ್ಷೆಗಳು. 2007ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯಾದರೂ ಹಿಡಿದದ್ದು ದೊಡ್ಡ ವಾಣಿಜ್ಯ ಕಟ್ಟಡಗಳನ್ನು. ನಮ್ಮಂಥವರ ಮೂವತ್ತು ನಲವತ್ತರ ಸೈಟಿನ ಮನೆ ಅದರ ಲೆಕ್ಕಕ್ಕೆ ಬರಲಿಲ್ಲ.

ನೀನು ಮುಖ್ಯವಾಗಿ ತಿಳಿಯಬೇಕಾದ ಭೇದ ಒಂದಿದೆ. ಹೊಸ ಕಟ್ಟಡದ ಅಂಕಗಳು ಹೆಚ್ಚಾಗಿ ನಕ್ಷೆ ನೋಡಿ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬರುವಂಥವು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2009ರಲ್ಲಿ ಕಚೇರಿ ಕಟ್ಟಡಗಳಿಗೆ ತಂದ ನಕ್ಷತ್ರದ ಪದ್ಧತಿ ಬೇರೆ. ಅದು ವರ್ಷವಿಡೀ ಉರಿದ ಯೂನಿಟ್ಟುಗಳನ್ನು ಚದರ ಮೀಟರಿನ ಅಳತೆಯಿಂದ ಭಾಗಿಸುತ್ತದೆ. ಭಾಗಾಕಾರ ಬಲ್ಲ ಮಗು ಮಾಡಬಹುದಾದ ಲೆಕ್ಕ. ಆ ಲೆಕ್ಕದ ಮುಂದೆ ಟೇಪು ಅಂಟಿಸಿದ ಸೆನ್ಸರ್ ಅಡಗಿಕೊಳ್ಳಲಾರದು. ನನ್ನ ಒಲವು ಯಾವುದರ ಕಡೆ ಎಂದು ಹೇಳಬೇಕಾಗಿಲ್ಲ.

ಇನ್ಫೋಸಿಸ್‌ನವರು ಹೈದರಾಬಾದಿನ ಬಳಿಯ ಪೋಚಾರಂನಲ್ಲಿ ಮಾಡಿದ ಕೆಲಸವನ್ನು ಓದಿಕೋ. ಒಂದೇ ಕಟ್ಟಡವನ್ನು ಸರಿಯಾಗಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಎಂದಿನಂತೆ ತಣ್ಣನೆಯ ಗಾಳಿ ಬೀಸಿದರು. ಇನ್ನೊಂದರಲ್ಲಿ ಕಾಂಕ್ರೀಟ್ ಹಲಗೆಯೊಳಗೆ ಕೊಳವೆ ಹುದುಗಿಸಿ ತಣ್ಣೀರು ಹರಿಸಿದರು. ಅದೇ ಬಿಸಿಲು, ಅದೇ ಗಾಜು, ಅದೇ ಬಗೆಯ ಕೆಲಸ. ಮೀಟರ್ ಮಾತ್ರ ಬೇರೆ ಬೇರೆ. ನೀರು ಹರಿದ ಪಾಲಿನಲ್ಲಿ ತಂಪು ಮಾಡುವ ವಿದ್ಯುತ್ತು ಸುಮಾರು ಮೂರನೇ ಒಂದು ಭಾಗ ಕಡಿಮೆ ಖರ್ಚಾಯಿತು. ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿ ನೋಡಿದ ಹಾಗೆ; ಆಮೇಲೆ ವಾದಕ್ಕೆ ಜಾಗವೆಲ್ಲಿ?

ಕಿಟಕಿಯ ವಿಷಯ ನಿನ್ನ ಮೇಜಿಗೆ ಬಂದೇ ಬರುತ್ತದೆ. ವಾಸದ ಕಟ್ಟಡಗಳಿಗೆಂದು 2018ರಲ್ಲಿ ಬಂದ ಇಕೋ ನಿವಾಸ ಸಂಹಿತೆ, ತೆರೆಯಬಲ್ಲ ಕಿಟಕಿ ನೆಲದ ಅಳತೆಯ ಎಷ್ಟು ಪಾಲು ಇರಬೇಕೆಂದು ಊರಿನ ಹವೆಗೆ ತಕ್ಕಂತೆ ಹೇಳುತ್ತದೆ. ಬೆಂಗಳೂರಿನಂಥ ಹಿತವಾದ ಹವೆಗೆ ಎಂಟನೇ ಒಂದು ಪಾಲು, ಮಂಗಳೂರಿನ ಬೆವರುವ ಸೆಕೆಗೆ ಆರನೇ ಒಂದು ಪಾಲು. ‘ತೆರೆಯಬಲ್ಲ’ ಎಂಬ ಮಾತಿನಲ್ಲಿಯೇ ಎಲ್ಲ ಇದೆ. ಕರಾವಳಿಯ ಒಂದು ಅಪಾರ್ಟ್‌ಮೆಂಟಿನ ನಕ್ಷೆ ನನ್ನ ಬಳಿ ಬಂದಿತ್ತು. ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು, ಆದರೂ ಮನಸ್ಸು ಒಪ್ಪಲಿಲ್ಲ. ಹೋಗಿ ಅಳತೆಯ ಟೇಪು ಹಿಡಿದೆ. ಆರಡಿ ಅಗಲದ ಕಿಟಕಿ, ಆದರೆ ಜಾರುವ ಬಾಗಿಲಿನದು. ಒಂದು ಗಾಜು ಇನ್ನೊಂದರ ಹಿಂದೆ ಸರಿದಾಗ ಗಾಳಿಗೆ ಸಿಗುವುದು ಮೂರಡಿಗೂ ಕಡಿಮೆ. ನಕ್ಷೆ ಬರೆದ ಹುಡುಗ ಆರಡಿಯನ್ನೂ ಲೆಕ್ಕಕ್ಕೆ ಹಿಡಿದಿದ್ದ. ಮೋಸ ಮಾಡಲಿಲ್ಲ, ಪಾಪ. ಆ ಕಿಟಕಿಯನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ, ಅಷ್ಟೆ. ಹೋಗಿ ನೋಡದ ಯಾವುದರ ಫೋಟೊವನ್ನೂ ನೀನು ಕಡತಕ್ಕೆ ಲಗತ್ತಿಸಬೇಡ, ಮಗು. ಮೇಲಿನವರು ಅವಸರಪಡಿಸುತ್ತಾರೆ, ಪಡಿಸಲಿ.

ಕಟ್ಟಡ ಏಳುವ ಮೊದಲೇ ಸಿಗುವ ಪೂರ್ವ ಪ್ರಮಾಣಪತ್ರವನ್ನು ಪೂರ್ತಿ ದರ್ಜೆ ಎಂಬಂತೆ ಜಾಹೀರಾತಿನಲ್ಲಿ ಹಾಕಿಕೊಳ್ಳುವವರಿದ್ದಾರೆ. ನೀನು ಬರೆಯುವ ಪ್ರತಿ ಕಾಗದದಲ್ಲಿಯೂ ‘ಪೂರ್ವ’ ಎಂಬ ಪದ ಕಾಣುವ ಹಾಗೆ ಇರಲಿ.

ಹಾಗೆಂದು, ಹಳೆಯ ಮನೆಗಳೇ ಹಸಿರು, ಈ ಪ್ರಮಾಣಪತ್ರವೆಲ್ಲ ಬೂಟಾಟಿಕೆ ಎನ್ನುವವರ ಮಾತಿಗೂ ತಲೆದೂಗಬೇಡ. ನಾನೂ ನಿನ್ನ ಅಮ್ಮನೂ ಹುಟ್ಟಿದ್ದು ಮಂಗಳೂರು ಹಂಚಿನ ಮನೆಯಲ್ಲಿ. ಜಗಲಿ ತಂಪು, ನಿಜ. ಅಟ್ಟದ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ಮಲಗಿದವನು ನಾನು, ಅದು ಹಪ್ಪಳ ಸುಡುವ ಕೆಂಡ. ಪ್ರಮಾಣಪತ್ರದ ದೊಡ್ಡ ಉಪಕಾರವೆಂದರೆ, ಕಟ್ಟುವವನು ಒಮ್ಮೆಯಾದರೂ ಕುಳಿತು ಸೂರಿನಿಂದ ಎಷ್ಟು ಶಾಖ ಇಳಿಯುತ್ತದೆಂದು ಲೆಕ್ಕ ಹಾಕಲೇಬೇಕಾಗುತ್ತದೆ. ನಮ್ಮ ಮನೆ ಕಟ್ಟಿದಾಗ ಯಾರೂ ಹಾಕಲಿಲ್ಲ. ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೆ ಪಶ್ಚಿಮದ ಗೋಡೆಗೆ ಅಂಗೈ ಇಟ್ಟರೆ ಈಗಲೂ ಜ್ವರ ಬಂದ ಹಣೆಯ ಹಾಗಿರುತ್ತದೆ.

ಮೀಟರ್ ಎಂದಾಗ ನೆನಪಾಯಿತು. ಗೃಹಜ್ಯೋತಿ ಬಂದಾಗ, ಬಿಲ್ಲೇ ಇಲ್ಲದಿದ್ದರೆ ಯೂನಿಟ್ಟಿನ ಚಿಂತೆ ಯಾರಿಗೆ ಎಂದು ನಾನು ಗೊಣಗಿದ್ದೆ. ಆದದ್ದೇ ಬೇರೆ. ನಮ್ಮ ಸರಾಸರಿ ಮತ್ತು ಅದರ ಮೇಲೆ ಶೇಕಡಾ 10ರವರೆಗೆ ಮಾತ್ರ ಉಚಿತ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಹಾಗಾಗಿ ನಿನ್ನ ಅತ್ತೆ ಮಂಡಿನೋವಿನಲ್ಲಿಯೂ ದಿನ ಬಿಟ್ಟು ದಿನ ಮೀಟರಿನ ಮುಂದೆ ನಿಲ್ಲುತ್ತಾಳೆ. ನಾನು ಮೂವತ್ತು ವರ್ಷ ಹೇಳಿಯೂ ಆಗದ ಕೆಲಸ.

ಭಾನುವಾರ ನಿನ್ನ ಅಣ್ಣ ಬೆಂಗಳೂರಿಗೆ ಬರುವಾಗ ಬೆಳಕು ಅಳೆಯುವ ನನ್ನ ಹಳೆಯ ಲಕ್ಸ್ ಮೀಟರನ್ನೂ ಐದು ಮೀಟರಿನ ಟೇಪನ್ನೂ ಕಳುಹಿಸುತ್ತೇನೆ. ಲಕ್ಸ್ ಮೀಟರಿನ ಸೆಲ್ ಬದಲಾಯಿಸಿಕೋ, ಹಿಂದಿನ ಮುಚ್ಚಳ ಸಡಿಲವಿದೆ. ದೀಪಾವಳಿಗೆ ಬರುವಾಗ ನಿನ್ನ ಕಚೇರಿ ಇರುವ ಕಟ್ಟಡದ್ದೇ ಹನ್ನೆರಡು ತಿಂಗಳ ಬಿಲ್ಲುಗಳ ನಕಲು ಸಿಕ್ಕರೆ ತಾ. ನೆಲದ ಅಳತೆಯನ್ನೂ ಬರೆದುಕೊಂಡು ಬಾ, ಹೋಳಿಗೆ ತಿಂದ ಮೇಲೆ ಇಬ್ಬರೂ ಕುಳಿತು ಭಾಗಿಸೋಣ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ