ಅನುದಾನ ಮುಗಿದ ಮೇಲೆ ಮೀನಿಗೆ ಊಟ ಹಾಕೋರು ಯಾರು?

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೆ,

ನಮಸ್ಕಾರ ಸರ್. ಸಂಶೋಧನೆಗಾಗಿ ಪ್ರಯೋಗಾಲಯಗಳಲ್ಲಿ ಸಾಕುವ ಜೀಬ್ರಾ ಮೀನಿನ ಪರವಾಗಿ ಒಂದು ಬೇಡಿಕೆ ಇದೆ.

ಬೆರಳುದ್ದವೂ ಇಲ್ಲದ ಈ ಪಟ್ಟೆ ಮೀನು ಪರದೇಶದ್ದಲ್ಲ, ನಮ್ಮ ಹಳ್ಳ, ಗದ್ದೆಗಳದ್ದೇ. 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಬರೆಯುತ್ತಾ ಇದನ್ನು ಮೊದಲು ದಾಖಲಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಅಂತ ನಾವು ಓದುತ್ತೇವಲ್ಲ, ಅವನೇ.

ರಕ್ತ ಹೇಗೆ ಹುಟ್ಟುತ್ತದೆ ಎಂದು ತಿಳಿಯೋಕೆ ಈ ಮೀನು ತುಂಬಾ ಅನುಕೂಲ. ಮೊಟ್ಟೆ ತಾಯಿಯ ಹೊರಗೇ ಬೆಳೆಯುತ್ತದೆ, ಭ್ರೂಣ ಪಾರದರ್ಶಕ. ಸುಮಾರು ಒಂದು ದಿನದಲ್ಲಿ ರಕ್ತ ಹರಿಯೋದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಕೆಂಪು ರಕ್ತಕಣ ಇಲ್ಲದಿದ್ದರೂ ಮರಿ ಕೆಲವು ದಿನ ಬದುಕುತ್ತದೆ, ಏಕೆಂದರೆ ನೀರಿನ ಆಕ್ಸಿಜನ್ ನೇರವಾಗಿ ಮೈಗೆ ಇಳಿಯುತ್ತದೆ. ಇಲಿಯಲ್ಲಾದರೆ ಭ್ರೂಣ ಹೊಟ್ಟೆಯಲ್ಲೇ ಸಾಯುತ್ತದೆ.

ಒಂದು ಕಣ ಕೆಂಪಾಗಬೇಕೋ ಬಿಳಿಯಾಗಬೇಕೋ ಎಂಬ ತೀರ್ಮಾನದಲ್ಲಿ ಗಾಟಾ-1 ಮತ್ತು ಪಿಯು-1 ಎಂಬ ಎರಡು ಜೀನ್‌ಗಳು ಪರಸ್ಪರ ತಡೆಯುತ್ತವೆ. ಮೀನಿನ ಭ್ರೂಣದಲ್ಲಿ ಗಾಟಾ-1 ಬಂದ್ ಮಾಡಿದಾಗ ಕೆಂಪಾಗಬೇಕಿದ್ದ ಕಣಗಳು ಬಿಳಿ ರಕ್ತಕಣಗಳ ದಾರಿ ಹಿಡಿದವು. ಇದು ಗೊತ್ತಾಗಿದ್ದು 2005ರಲ್ಲಿ.

ಆದರೆ ನಿಮ್ಮ ಗಮನಕ್ಕೆ ತರಬೇಕಾದದ್ದು 'ಕ್ಲೋಶ್' ಎಂಬ ಮೀನಿನ ತಳಿ. ಅದರಲ್ಲಿ ರಕ್ತವೂ ಸರಿಯಾಗಿ ಹುಟ್ಟಲ್ಲ, ರಕ್ತನಾಳವೂ ಹುಟ್ಟಲ್ಲ. ಅಂದರೆ ಕೆಟ್ಟಿರುವ ಜೀನ್ ಎರಡನ್ನೂ ಶುರು ಮಾಡಿಸುವಂಥದ್ದು. ಆ ತಳಿಯ ವಿವರ ಪ್ರಕಟವಾಗಿದ್ದು 1995ರಲ್ಲಿ. ಜೀನ್ ಸಿಕ್ಕಿದ್ದು 2016ರಲ್ಲಿ, ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡಕ್ಕೆ. ಅದು 13ನೇ ಕ್ರೋಮೋಸೋಮಿನ ತುದಿಯಲ್ಲಿ ಕೂತಿತ್ತು, ಅಲ್ಲಿ ಜೀನ್ ಹುಡುಕೋದು ಕಷ್ಟ, ಅದಕ್ಕೇ ಇಷ್ಟು ತಡ. ಇಪ್ಪತ್ತೊಂದು ವರ್ಷ ಆ ತಳಿಯನ್ನು ಯಾರೋ ಸಾಕಿದರು, ಯಾರೋ ಸಂಬಳ ಕೊಟ್ಟರು.

ನಮ್ಮಲ್ಲಿ ಅನುದಾನ ಬರೋದು ಸಾಮಾನ್ಯವಾಗಿ ಮೂರು ವರ್ಷಕ್ಕೆ! ಮೀನಿಗೆ ದಿನಾ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮರಿ ಮಾಡಿಸಿ ತಿನ್ನಿಸಬೇಕು, ನೀರು 28 ಡಿಗ್ರಿ ಆಸುಪಾಸಿನಲ್ಲಿರಬೇಕು, ದೀಪ ಹದಿನಾಲ್ಕು ಗಂಟೆ ಉರಿಯಬೇಕು. ದೀಪಾವಳಿಗೂ ರಜೆ ಇಲ್ಲ. ಯೋಜನೆ ಮುಗಿದರೆ ಪ್ರಾಜೆಕ್ಟ್ ಸಹಾಯಕ ಮನೆಗೆ ಹೋಗುತ್ತಾನೆ. ಮೀನು ಎಲ್ಲಿಗೆ ಹೋಗಬೇಕು?

ಮೀನಿನ ರಕ್ತದಿಂದ ಜನರಿಗೇನು ಲಾಭ ಅಂತ ಕೇಳಬಹುದು. ಸರ್ಕಾರ ಹಂಚುವ ಕಬ್ಬಿಣದ ಮಾತ್ರೆ ನೋಡಿ. ಆ ಕಬ್ಬಿಣ ಕರುಳಿನ ಕೋಶದಿಂದ ರಕ್ತಕ್ಕೆ ದಾಟುವ ಬಾಗಿಲು ಫೆರೋಪೋರ್ಟಿನ್ ಎಂಬ ಪ್ರೋಟೀನ್. 2000ನೇ ಇಸವಿಯಲ್ಲಿ ಒಂದು ತಂಡ ಅದನ್ನು ಕಂಡುಕೊಂಡಿದ್ದು ರಕ್ತ ಕೆಟ್ಟ ಜೀಬ್ರಾ ಮೀನಿನಿಂದಲೇ. ಅದೇ ಹೊತ್ತಿಗೆ ಬೇರೆಯವರು ಬೇರೆ ದಾರಿಯಲ್ಲೂ ಅಲ್ಲಿಗೆ ತಲುಪಿದರು, ಅದೂ ನಿಜ. ಹಾಗಂತ ಎಲ್ಲ ಮೀನಿನ ಕೆಲಸವೂ ಔಷಧಿಯಾಗುತ್ತದೆ ಅಂತ ನಾನು ಹೇಳಲ್ಲ. ಬಹುಪಾಲು ಆಗಲ್ಲ.

ನನ್ನ ಕೋರಿಕೆ ಸಣ್ಣದು. ಹೊಸ ಕಟ್ಟಡ ಬೇಡ. ಮೀನಿನ ತಳಿ ಇರುವ ಪ್ರಯೋಗಾಲಯಗಳಿಗೆ ಅವನ್ನು ಸಾಕೋಕೆ ಹತ್ತು ವರ್ಷದ ಪ್ರತ್ಯೇಕ ಹಣ ಕೊಡಿ. ಟ್ಯಾಂಕ್ ನೋಡಿಕೊಳ್ಳುವವರ ಕೆಲಸ ಖಾಯಂ ಮಾಡಿ. ಅಮೆರಿಕದ ಯೂಜಿನ್ ಊರಿನ ಕೇಂದ್ರದಲ್ಲಿ ಮಾಡುವಂತೆ, ತಳಿಗಳ ವೀರ್ಯವನ್ನು ಶೀತಲೀಕರಿಸಿ ಇಡುವ ವ್ಯವಸ್ಥೆಗೂ ಹಣ ಸೇರಿಸಿ. ಮುಂದಿನ ಬಜೆಟ್‌ನಲ್ಲಿ ಇದಕ್ಕೊಂದು ಸಾಲು ಸಿಗುತ್ತಾ ಎಂದು ತಿಳಿಸಿದರೆ ಉಪಕಾರ.

ಇಂತಿ ನಿಮ್ಮ,
ಮೈಸೂರಿನ ಒಬ್ಬ ಜೀವಶಾಸ್ತ್ರದ ಮೇಷ್ಟ್ರು