ಒಂಟಿ ಸಿಲಿಂಡರಿಗೆ ದೊಡ್ಡ ವಿಂಗ್ ಬೇಡ

ಮಾನ್ಯರೆ,

ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಕಲಿತು ಸ್ವಂತ ಸಲಕರಣೆ ಕೊಳ್ಳುವವರು, ನೀರಲ್ಲಿ ತೇಲಿಸುವ ವಿಂಗ್ ಎಂಬ ಬೆನ್ನಿನ ಗಾಳಿಚೀಲವನ್ನು ‘ಮುಂದೆ ಜೋಡಿ ಸಿಲಿಂಡರಿಗೂ ಆದೀತು’ ಎಂದು ದೊಡ್ಡದನ್ನೇ ಆರಿಸಬಾರದು. ಅಗಲದ ವಿಂಗ್ ಒಂಟಿ ಸಿಲಿಂಡರನ್ನು ಎರಡೂ ಬದಿಯಿಂದ ಸುತ್ತಿಕೊಳ್ಳುತ್ತದೆ. ಮಡಿಕೆಯಲ್ಲಿ ಸಿಕ್ಕ ಗಾಳಿ, ಅದನ್ನು ಹೊರಬಿಡುವ ವಿಂಗಿನ ಕವಾಟದತ್ತ ಸರಿಯುವುದಿಲ್ಲ. ಮೇಲೇರುವಾಗ ಅದೇ ಗಾಳಿ ಹಿಗ್ಗಿ, ಹಿಡಿತ ತಪ್ಪಿಸಿ ಮೇಲಕ್ಕೆಳೆಯುತ್ತದೆ. ಇದು ಜೀವಕ್ಕೇ ಅಪಾಯ.

ತೆಳು ಸೂಟು, 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರಿಗೆ 13ರಿಂದ 15 ಕೆ.ಜಿ. ಎತ್ತುವ ಕಿರಿದಾದ ವಿಂಗ್ ಸಾಕು. 200 ಬಾರ್ ಒತ್ತಡಕ್ಕೆ ತುಂಬಿದಾಗ ಸಿಲಿಂಡರಿನೊಳಗಿನ ಗಾಳಿಯ ತೂಕವೇ ಸುಮಾರು 2.7 ಕೆ.ಜಿ., ವಿಂಗ್ ಅದನ್ನೂ ಎತ್ತಬೇಕು ಎಂಬುದು ಲೆಕ್ಕದಲ್ಲಿರಲಿ. ಜೋಡಿ ಸಿಲಿಂಡರಿಗೆ 18ರಿಂದ 27 ಕೆ.ಜಿ.ಯ ಅಗಲದ ವಿಂಗೇ ಬೇಕು. ಕಿರಿದಾದದ್ದು ಸಿಲಿಂಡರುಗಳಡಿ ಒತ್ತಿಹೋಗಿ ಪೂರ್ತಿ ಉಬ್ಬದು. ತುಂಬಿದ ಸಿಲಿಂಡರ್ ಕಟ್ಟಿ, ವಿಂಗ್ ಉಬ್ಬಿಸಿ ನೀರಿಗೆ ಬಿಟ್ಟರೆ ಡೈವರ್ ಇಲ್ಲದೆಯೂ ಸಲಕರಣೆ ತೇಲಬೇಕು.

– ಒಬ್ಬ ಡೈವರ್, ಮುರುಡೇಶ್ವರ